ವಿದ್ಯೆಯ ಋಣ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುವನೆಂದು ನಮ್ಮ ಪ್ರಾಚೀನರು ಹೇಳಿದರು: ದೇವಋಣ, ಋಷಿಋಣ, ಪಿತೃಋಣ. ತೈತ್ತಿರೀಯ ಸಂಹಿತೆಯಲ್ಲಿ ಈ ಮಾತು ಬ್ರಾಹ್ಮಣನನ್ನು ಕುರಿತು ಬಂದಿದೆಯಾದರೂ ಅನಂತರದವರು ಅದನ್ನು ಎಲ್ಲರಿಗೂ ಅನ್ವಯಿಸಿದರು. ಯಜ್ಞದಿಂದ ದೇವಋಣವೂ, ಸಂತಾನದಿಂದ ಪಿತೃಋಣವೂ, ಬ್ರಹ್ಮಚರ್ಯಪೂರ್ವಕವಾದ ವಿದ್ಯಾಭ್ಯಾಸದಿಂದ ಋಷಿಋಣವೂ ತೀರುವುವು ಎಂಬುದು ಅಲ್ಲಿಯ ತಾತ್ಪರ್ಯ. ಇವುಗಳಲ್ಲಿ ಮೂರನೆಯದನ್ನು ವಾಚಕರು ಗಮನಿಸಬೇಕು. ಓದುವುದರಿಂದ ಋಣವು ತೀರುತ್ತದೆಂದು ಹಿಂದಿನವರು ತಿಳಿದಿದ್ದರು. ನಮ್ಮ ಕಾಲದಲ್ಲಿ ಓದುವುದರಿಂದಲೇ ಋಣವು ಹುಟ್ಟುತ್ತಿದೆ. ಈ ವಿಪರ್ಯಾಸವು ಹೇಗೆ ಬಂದಿತು, ಅದರ ಭಾರವು ಯಾರ ಹೆಗಲ ಮೇಲೆ ಬಿದ್ದಿದೆ, ಶರಣರು ತೋರಿದ ಕಾಯಕ ದಾಸೋಹಗಳ ಬೆಳಕಿನಲ್ಲಿ ಅದಕ್ಕೆ ಏನು ಪರಿಹಾರ, ಎಂಬುದನ್ನು ಈ ಪಾಠದಲ್ಲಿ ಯಥಾಮತಿಯಾಗಿ ವಿಚಾರಿಸೋಣ.

ಒಬ್ಬ ಶಿಷ್ಯನ ಪ್ರಶ್ನೆ

ನನ್ನ ಹುಟ್ಟೂರು ಬ್ರಹ್ಮಾವರಕ್ಕೆ ಮೂಡಲಲ್ಲಿರುವ ಕೊಕ್ಕರ್ಣೆ. ಸೂರಾಲಿನ ಮಣ್ಣಿನ ಅರಮನೆಯನ್ನು ನೋಡಲು ಬರುವವರು ನಮ್ಮ ಪೇಟೆಯ ಹೆಸರನ್ನು ಕೇಳಿಯೇ ಇರುತ್ತಾರೆ. ನಾನು ಘಟ್ಟದ ಮೇಲಿನ ಮಠದ ಪಾಠಶಾಲೆಗೆ ಉಪಾಧ್ಯಾಯನಾಗಿ ಹೋದ ಮೇಲೆ, ಊರಿನ ಒಬ್ಬ ಸಣ್ಣ ಹಿಡುವಳಿದಾರನ ಮಗನನ್ನು ನಾನೇ ಕರೆದೊಯ್ದು ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ಸೇರಿಸಿದೆನು. ಆ ಹುಡುಗನು ಐದು ವರ್ಷ ಮಠದ ಪ್ರಸಾದವನ್ನುಂಡು ಓದಿದನು. ಕಾಸಿನ ಮಾತೇ ಬರಲಿಲ್ಲ. ಗಣಿತದಲ್ಲಿ ಚುರುಕು, ವಚನಗಳ ಕಂಠಪಾಠದಲ್ಲಿ ಎಲ್ಲರಿಗಿಂತ ಮುಂದು. ಅವನಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಾನ ದೊರೆತಾಗ ತಂದೆಯು ಹಿಂದೆಗೆದನು. ಬ್ಯಾಂಕಿನಲ್ಲಿ ನಾಲ್ಕು ಲಕ್ಷ ರೂಪಾಯಿಗಳ ಸಾಲಕ್ಕೆ ಸಹಿ ಹಾಕಲು ಆತನ ಕೈ ನಡುಗಿತು. “ಹಾಕಿರಿ, ವಿದ್ಯೆಗೆ ಮಾಡಿದ ಸಾಲ ಸಾಲವಲ್ಲ” ಎಂದು ಧೈರ್ಯ ಹೇಳಿದವನು ನಾನೇ. ಆ ಮಾತನ್ನು ಇಂದಿಗೂ ಮರೆತಿಲ್ಲ.

ಹುಡುಗನು ತೇರ್ಗಡೆಯಾದನು. ಉದ್ಯೋಗವು ದೊರೆಯಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಕಂತು ಕಟ್ಟಬೇಕಾದ ಕಾಲವು ಆರಂಭವಾಗಿ ಆರು ತಿಂಗಳು ಸಂದಿದ್ದವು. ಬೆಂಗಳೂರಿನಲ್ಲಿ ಹದಿನೆಂಟು ಸಾವಿರ ರೂಪಾಯಿ ಸಂಬಳ. ಕೋಣೆಯ ಬಾಡಿಗೆಯ ಪಾಲು ಆರು ಸಾವಿರ. ಕಂತು ಏಳು ಸಾವಿರ. ಉಳಿದ ಐದು ಸಾವಿರದಲ್ಲಿ ಊಟ, ಬಸ್ಸು, ಬಟ್ಟೆ, ಔಷಧ. ಬ್ಯಾಂಕಿನ ಪತ್ರಗಳು ತಂದೆಯ ಹೆಸರಿಗೇ ಬರತೊಡಗಿದವು. ಆತನು ಪೇಟೆಗೆ ಬಂದರೂ ಬ್ಯಾಂಕಿನ ಎದುರು ಹಾಯದೆ ಬಳಸಿಕೊಂಡು ಹೋಗುತ್ತಿದ್ದನಂತೆ. ಒಂದು ದಿನ ನನ್ನನ್ನು ಕಂಡು, “ಮಾಷ್ಟ್ರೇ, ಮಗ ಓದಿ ಮನಿಗ್ ಬಂದ, ಸಾಲವೂ ಅವ್ನ್ ಒಟ್ಟಿಗೇ ಬಂತ್” ಎಂದನು. ಆ ಮಾತಿನಲ್ಲಿ ದೂರಿನ ಧ್ವನಿಯಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚಾಗಿ ನೋಯಿಸಿತು.

ದೀಪಾವಳಿಗೆ ಊರಿಗೆ ಬಂದ ಹುಡುಗನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೀಗೆ ಕೇಳಿದನು: “ಗುರುಗಳೇ, ದುಡಿದುಣ್ಣಬೇಕು, ಉಳಿದುದನ್ನು ಹಂಚಿ ಉಣ್ಣಬೇಕು ಎಂದು ನೀವು ಹೇಳಿಕೊಟ್ಟಿರಿ. ನನ್ನ ದುಡಿಮೆ ತಿಂಗಳ ಐದನೆಯ ತಾರೀಕಿಗೇ ಬ್ಯಾಂಕಿಗೆ ಹೋಗುತ್ತದೆ. ಇನ್ನು ದಾಸೋಹಕ್ಕೆ ಉಳಿಯುವುದೇನು? ನಾನು ಪಡೆದ ವಿದ್ಯೆ ದಾನವೋ ಸಾಲವೋ?” ಆಗ ನನ್ನಿಂದ ಉತ್ತರ ಬರಲಿಲ್ಲ. ಆ ಉತ್ತರವನ್ನು ಹುಡುಕುತ್ತಲೇ ಈ ಪಾಠವನ್ನು ಬರೆಯುತ್ತಿದ್ದೇನೆ.

ಶಬ್ದವಿಚಾರ

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತದಲ್ಲಿ ಸಾಲ ಕೊಟ್ಟವನಿಗೆ ಉತ್ತಮರ್ಣನೆಂದೂ, ಸಾಲ ಪಡೆದವನಿಗೆ ಅಧಮರ್ಣನೆಂದೂ ಹೆಸರು. ಸಾಲಗಾರನು ಲೋಕದ ಕಣ್ಣಿನಲ್ಲಿ ತಗ್ಗಿ ನಿಲ್ಲುವನೆಂಬುದು ಹೆಸರಿನಲ್ಲಿಯೇ ಅಡಗಿದೆ. ಪಾಣಿನಿಯ ವ್ಯಾಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಲವನ್ನು ಧರಿಸಿರುವ ಅರ್ಥದಲ್ಲಿ ಉತ್ತಮರ್ಣನಿಗೆ ಸಂಪ್ರದಾನಸಂಜ್ಞೆಯೂ ಚತುರ್ಥೀ ವಿಭಕ್ತಿಯೂ ಬರುತ್ತವೆ. ದಾನವನ್ನು ಪಡೆಯುವವನಿಗೂ ಅದೇ ಸಂಜ್ಞೆ, ಅದೇ ವಿಭಕ್ತಿ. ಕನ್ನಡದಲ್ಲಿಯೂ ಹಾಗೆಯೇ: ‘ಹಸಿದವನಿಗೆ ಕೊಡಬೇಕು’, ‘ಬ್ಯಾಂಕಿಗೆ ಕೊಡಬೇಕು’. ಪ್ರತ್ಯಯವು ಒಂದೇ ಆದರೂ ಭಾವವು ಬೇರೆ. ಮೊದಲನೆಯದರಲ್ಲಿ ಕೊಡುವವನು ಹಗುರಾಗುತ್ತಾನೆ. ಎರಡನೆಯದರಲ್ಲಿ ಕೊಡುವ ತನಕ ಕುಗ್ಗಿರುತ್ತಾನೆ.

ಧರ್ಮಶಾಸ್ತ್ರವೂ ಈ ಕುಗ್ಗುವಿಕೆಗೆ ಒಂದು ಎಲ್ಲೆಯನ್ನು ಹಾಕಿತ್ತು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದುದು ಕಲ್ಯಾಣದಲ್ಲಿಯೇ. ಕೆಲವು ದಶಕಗಳ ಮೇಲೆ ಶರಣರು ನೆರೆದ ಅದೇ ಕಲ್ಯಾಣದಲ್ಲಿ. ಒಂದೇ ಬಾರಿಗೆ ವಸೂಲು ಮಾಡುವ ಬಡ್ಡಿಯು ಅಸಲಿನ ಮೊತ್ತವನ್ನು ಮೀರಬಾರದೆಂಬುದು ಸ್ಮೃತಿಕಾರರ ನಿಯಮ. ಇದನ್ನೇ ಮುಂದೆ ‘ದಾಮದುಪ್ಪಟ್ಟು’ ಎಂದು ಕರೆದರು. ತಂದೆಯ ನ್ಯಾಯವಾದ ಸಾಲವನ್ನು ತೀರಿಸುವುದು ಮಗನ ಧರ್ಮವೆಂದೂ ಅವರು ವಿಧಿಸಿದರು. ಈಗಿನ ಶಿಕ್ಷಣಸಾಲದಲ್ಲಿ ಇದು ತಿರುಗುಮುರುಗಾಗಿದೆ. ಮಗನ ಓದಿನ ಸಾಲಕ್ಕೆ ತಂದೆಯೇ ಜಂಟಿ ಸಾಲಗಾರನಾಗಿ ಸಹಿ ಹಾಕಬೇಕು. ಪಿತೃಋಣವೆಂಬುದು ಪಿತೃವಿನ ಮೇಲೆಯೇ ಬಿದ್ದ ಋಣವಾಗಿದೆ.

ಈ ಸಾಲವು ಬಂದ ಬಗೆ

ನಮ್ಮ ಕರಾವಳಿಯು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವರೇ ದಿನವೂ ಮನೆಬಾಗಿಲಿಗೆ ಬಂದು ಆಣೆಗಳ ಲೆಕ್ಕದಲ್ಲಿ ಹಣವನ್ನು ಕೂಡಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಅಂದು ಬಡವನ ಮನೆಯಿಂದ ಹಣವು ಹನಿಹನಿಯಾಗಿ ಬ್ಯಾಂಕಿಗೆ ಹೋಗಿ ನಾಳೆಯ ಆಸರೆಯಾಗುತ್ತಿತ್ತು. ಇಂದು ನಾಳೆಯ ದುಡಿಮೆಯನ್ನು ಮೊದಲೇ ತಂದು ಇಂದಿನ ಶುಲ್ಕಕ್ಕೆ ಸುರಿಯಬೇಕಾಗಿದೆ.

ಶುಲ್ಕವೇಕೆ ಇಷ್ಟು ಬೆಳೆಯಿತು? ಈ ಚರಿತ್ರೆಯಲ್ಲಿಯೂ ಕರ್ನಾಟಕದ ಹೆಸರೇ ಮುಂದಿದೆ. ಖಾಸಗಿ ವೃತ್ತಿಶಿಕ್ಷಣದ ಕಾಲೇಜುಗಳು ನಮ್ಮಲ್ಲಿ ಬೇಗ ಬೆಳೆದವು. ಅವುಗಳೊಡನೆ ಕ್ಯಾಪಿಟೇಷನ್ ಶುಲ್ಕವೆಂಬ ಪಿಡುಗೂ ಬೆಳೆಯಿತು. ಅದನ್ನು ನಿಷೇಧಿಸಲು ರಾಜ್ಯವು 1984ರಲ್ಲಿ ಶಾಸನವನ್ನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶುಲ್ಕವು ಅನ್ಯಾಯವೆಂದು ತೀರ್ಪಿತ್ತಿತು. 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಖಾಸಗಿ ಸಂಸ್ಥೆಗಳಿಗೆ ತಮ್ಮ ಶುಲ್ಕವನ್ನು ಗೊತ್ತುಪಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟು, ಲಾಭಕೋರತನವು ಕೂಡದೆಂದು ಎಚ್ಚರಿಸಿತು. ಇದೇ ಕಾಲದಲ್ಲಿ, ಅಂದರೆ 2001ರಲ್ಲಿ, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣಸಾಲ ಯೋಜನೆಯು ಜಾರಿಗೆ ಬಂದಿತು. ನಾಲ್ಕು ಲಕ್ಷದವರೆಗೆ ಅಡವಾಗಲಿ ಅನ್ಯರ ಜಾಮೀನಾಗಲಿ ಬೇಡ. ಓದಿನ ಅವಧಿಯಲ್ಲಿ ಕಂತಿಲ್ಲ. ಈ ಯೋಜನೆಯು ಅನೇಕ ಬಡ ಮಕ್ಕಳಿಗೆ ಕಾಲೇಜಿನ ಬಾಗಿಲನ್ನು ತೆರೆಯಿತೆಂಬುದು ಸತ್ಯ; ಅದನ್ನು ಮರೆತು ದೂಷಿಸುವುದು ಕೃತಘ್ನತೆಯಾದೀತು. ಆದರೆ ಸಾಲವು ಸುಲಭವಾದುದರಿಂದ, ಶುಲ್ಕವು ಹೆಚ್ಚಾಯಿತೆಂದು ಕೂಗುವವರ ದನಿಯು ಕಡಮೆಯಾಯಿತೇನೋ ಎಂಬ ಸಂಶಯವು ನನ್ನನ್ನು ಬಿಟ್ಟಿಲ್ಲ.

ಲೆಕ್ಕವನ್ನು ಬಿಡಿಸಿ ನೋಡೋಣ

ಉದಾಹರಣೆಗೆ ಬಡ್ಡಿಯು ವರ್ಷಕ್ಕೆ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷದ ಓದು. ಪ್ರತಿವರ್ಷದ ಆರಂಭದಲ್ಲಿ ಒಂದೊಂದು ಲಕ್ಷ. ಓದು ಮುಗಿದ ಮೇಲೆ ಒಂದು ವರ್ಷದ ಬಿಡುವು. ಈ ಕಾಲದಲ್ಲಿ ಸರಳಬಡ್ಡಿಯು ಸೇರುತ್ತದೆ. ಮೊದಲನೆಯ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಕಂತು ಆರಂಭವಾಗುವ ದಿನ ಬಾಕಿಯು 5,40,000 ರೂಪಾಯಿ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,136. ಒಟ್ಟು ಕಟ್ಟುವುದು ಸುಮಾರು 8,56,000. ಹದಿನೈದು ವರ್ಷಗಳಿಗೆ ಚಾಚಿದರೆ ಕಂತು 5,803ಕ್ಕೆ ಇಳಿಯುತ್ತದೆ; ಒಟ್ಟು ಮಾತ್ರ 10,44,000ವನ್ನು ದಾಟುತ್ತದೆ. ಪಡೆದುದು ನಾಲ್ಕು, ತೆತ್ತುದು ಹತ್ತಕ್ಕೆ ಮಿಗಿಲು. ಕಂತು ಹಗುರಾದಷ್ಟೂ ಋಣವು ದೀರ್ಘವಾಗುತ್ತದೆ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕು. ಕುಟುಂಬದ ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಶಿಕ್ಷಣವನ್ನು ಪಡೆಯುವವರಿಗೆ, ಓದಿನ ಹಾಗೂ ಬಿಡುವಿನ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆಯು 2009-10ರಿಂದ ಬಂದಿದೆ. ಅದಕ್ಕೆ ಆದಾಯದ ಪ್ರಮಾಣಪತ್ರವನ್ನು ಬ್ಯಾಂಕಿಗೆ ಸಕಾಲದಲ್ಲಿ ಸಲ್ಲಿಸಬೇಕು. ನನ್ನ ಶಿಷ್ಯನ ತಂದೆಯ ಆದಾಯವು ಆ ಮಿತಿಯ ಅರ್ಧವೂ ಇರಲಿಲ್ಲ. ಆದರೂ ಅವರು ಕೇಳಲಿಲ್ಲ. ಅವರಿಗೆ ಯಾರೂ ಹೇಳಲಿಲ್ಲ. ಸಹಿ ಹಾಕಿರೆಂದು ಒತ್ತಾಯಿಸಿದ ನನಗೂ ಗೊತ್ತಿರಲಿಲ್ಲ. ಮೂರು ಋಣಗಳನ್ನು ಕುರಿತು ಗಂಟೆಗಟ್ಟಲೆ ಪ್ರವಚನ ಮಾಡಬಲ್ಲ ನಾನು ಒಂದು ಪ್ರಮಾಣಪತ್ರದ ಸಂಗತಿಯನ್ನು ಅರಿತಿರಲಿಲ್ಲ. ಆ ಅಜ್ಞಾನದ ಬೆಲೆ ಮೇಲೆ ಹೇಳಿದ 1,40,000 ರೂಪಾಯಿ. ಅದನ್ನು ತೆರುತ್ತಿರುವವನು ಆ ಹುಡುಗ.

ನಮ್ಮ ರಾಜ್ಯದ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವೂ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ನಡೆಸುವ ಶಿಕ್ಷಣಸಾಲದ ಯೋಜನೆಗೆ ‘ಅರಿವು’ ಎಂದು ಹೆಸರಿಟ್ಟಿದ್ದಾರೆ. ವಚನಗಳನ್ನು ಓದಿದವರಿಗೆ ಅರಿವು ಎಂಬುದು ಎಷ್ಟು ದೊಡ್ಡ ಮಾತೆಂದು ಹೇಳಬೇಕಾಗಿಲ್ಲ. ಸಾಲಕ್ಕೆ ಆ ಹೆಸರು ಒಪ್ಪುವುದೋ ಇಲ್ಲವೋ, ಸಾಲಕ್ಕೆ ಮುಂಚೆ ಅರಿವು ಇರಲೇಬೇಕೆಂಬುದಂತೂ ನಿಶ್ಚಯ.

ಲಕ್ಕಮ್ಮನ ಪ್ರಶ್ನೆ

ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ನಮಗೆ ಸಲ್ಲುವುದಕ್ಕಿಂತ ಮಿಗಿಲಾದುದನ್ನು ತಂದುದೇಕೆಂದು ಆಕ್ಷೇಪಿಸಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯನ್ನು ಹೇಳಿ, “ಆದುದರಿಂದ ಬಡವರು ಸಾಲವನ್ನು ಮಿತವಾಗಿ ಮಾಡಬೇಕು” ಎಂದು ಮುಗಿಸುವುದು ಸುಲಭ. ನಾನೂ ತರಗತಿಯಲ್ಲಿ ಹಾಗೆಯೇ ಮುಗಿಸುತ್ತಿದ್ದೆನು. ಈಗ ಯೋಚಿಸಿದರೆ, ಲಕ್ಕಮ್ಮನು ಕೇಳಿದುದು ಮನೆಯೊಳಕ್ಕೆ ತಂದುಕೊಳ್ಳುವವರನ್ನು. ಶಿಕ್ಷಣದ ವ್ಯವಹಾರದಲ್ಲಿ ಒಳಕ್ಕೆ ತಂದುಕೊಳ್ಳುವವರು ಯಾರು? ಶುಲ್ಕವನ್ನು ಎತ್ತುವ ಸಂಸ್ಥೆಗಳು. ಈ ಅಕ್ಕಿಯು ನಮಗೆ ಸಲ್ಲುವುದಕ್ಕಿಂತ ಹೆಚ್ಚಲ್ಲವೇ ಎಂಬ ಪ್ರಶ್ನೆಯನ್ನು ಮೊದಲು ಅವರು ಕೇಳಿಕೊಳ್ಳಬೇಕು. ಹಾಗೆ ಹೇಳುವಾಗ ನಮ್ಮ ಮಠಗಳನ್ನು ಹೊರಗಿಡುವಂತಿಲ್ಲ. ಮಠದ ಪಾಠಶಾಲೆಯಲ್ಲಿ ಅನ್ನವಿಟ್ಟು ಓದಿಸಿದ ಮಗುವು, ಮಠದವರದೇ ಆದ ವೃತ್ತಿಶಿಕ್ಷಣದ ಕಾಲೇಜಿನ ಬಾಗಿಲಿಗೆ ಬಂದಾಗ ಲಕ್ಷಗಳ ಚೀಟಿಯನ್ನು ಕಾಣುವುದಾದರೆ, ದಾಸೋಹವು ಹೊಸ್ತಿಲಲ್ಲಿಯೇ ನಿಂತಿತೆಂದು ಅರ್ಥವಷ್ಟೆ. ಪ್ರಯೋಗಶಾಲೆ, ಕಟ್ಟಡ, ಅಧ್ಯಾಪಕರ ವೇತನ, ಇವಕ್ಕೆ ಹಣ ಬೇಕೆಂಬುದನ್ನು ನಾನು ಬಲ್ಲೆ. ನನ್ನ ವೇತನವೂ ಅದರಲ್ಲಿಯೇ ಸೇರಿದೆ. ಬೇಕಾದಷ್ಟು ಯಾವುದು, ಮಿಕ್ಕುದು ಯಾವುದು ಎಂಬ ಲೆಕ್ಕವನ್ನು ಮಾತ್ರ ಬಹಿರಂಗವಾಗಿ ಇಡಬೇಕು. ಭಂಡಾರದ ಲೆಕ್ಕವನ್ನು ಕೇಳಿದಾಗ ಬಸವಣ್ಣನವರು ಅಂಜದೆ ಒಪ್ಪಿಸಿದರೆಂದು ನಮ್ಮ ಪರಂಪರೆಯು ಕೊಂಡಾಡುತ್ತದೆಯಲ್ಲವೇ?

ಬೇರೆ ದಾರಿಗಳೂ ಉಂಟೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಮುಡಿಪಿಟ್ಟಿದ್ದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಕೊಟ್ಟರು. ಹಿಂದಿನ ಕಾಲದ ವಾರಾನ್ನವು ಇದಕ್ಕಿಂತ ಚಿಕ್ಕದಾದರೂ ಅದೂ ಇದೇ ಜಾತಿಯದು: ಏಳು ಮನೆಗಳು ಸೇರಿ ಒಬ್ಬ ಹುಡುಗನ ವಾರವನ್ನು ಹಂಚಿಕೊಳ್ಳುತ್ತಿದ್ದವು.

ಹೊರದೇಶಗಳನ್ನು ನೋಡಿದರೂ ಎರಡು ಮಾದರಿಗಳು ಕಾಣುತ್ತವೆ. ಅಮೆರಿಕದಲ್ಲಿ ನಾಲ್ಕು ಕೋಟಿಗೂ ಮಿಕ್ಕ ಜನರು ಶಿಕ್ಷಣಸಾಲದಲ್ಲಿದ್ದಾರೆ. ಅದರ ಒಂದಂಶವನ್ನು ಮನ್ನಾ ಮಾಡಲು ಅಲ್ಲಿಯ ಅಧ್ಯಕ್ಷರು ತಂದ ಯೋಜನೆಯನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತು. ಆಸ್ಟ್ರೇಲಿಯವು 1989ರಲ್ಲಿ ಬೇರೊಂದು ಕ್ರಮವನ್ನು ತಂದಿತು. ಅಲ್ಲಿ ಪದವೀಧರನ ಆದಾಯವು ಒಂದು ಮಿತಿಯನ್ನು ಮುಟ್ಟಿದ ಮೇಲೆಯೇ, ಆದಾಯಕ್ಕೆ ತಕ್ಕಂತೆ, ಮರುಪಾವತಿಯು ಆರಂಭವಾಗುತ್ತದೆ. ಕ್ಯಾಲೆಂಡರಿನ ತಾರೀಕನ್ನು ನೋಡದೆ ದುಡಿಯುವವನ ಬಟ್ಟಲನ್ನು ನೋಡಿ ಕಂತನ್ನು ಕೇಳುವ ಈ ಕ್ರಮವು ನಮ್ಮಲ್ಲಿಯೂ ವಿಚಾರಾರ್ಹವಾದುದು.

ಆಚರಣೆಗೆ ತರಬೇಕಾದುದು

ತತ್ತ್ವವು ಆಚರಣೆಗೆ ಇಳಿಯದಿದ್ದರೆ ಪಾಠವು ವ್ಯರ್ಥ. ಆದುದರಿಂದ ತಂದೆತಾಯಿಗಳೂ ವಿದ್ಯಾರ್ಥಿಗಳೂ ಮನಗಾಣಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಒಂದನೆಯದಾಗಿ, ಸಹಿಗೆ ಮುಂಚೆ ಮೇಲೆ ತೋರಿದಂತೆ ಲೆಕ್ಕ ಮಾಡಿರಿ. ಕೈಗೆ ಬರುವ ಸಾಲದ ಮೊತ್ತವನ್ನು ನೋಡಿ ಬಿಡದೆ, ಕಂತು ಆರಂಭವಾಗುವ ದಿನದ ಮೊತ್ತವನ್ನೂ ಕೊನೆಯ ಮೊತ್ತವನ್ನೂ ಬ್ಯಾಂಕಿನವರಿಂದಲೇ ಬರೆಯಿಸಿಕೊಳ್ಳಿರಿ.

ಎರಡನೆಯದಾಗಿ, ಬಡ್ಡಿಯ ಸಹಾಯಧನಕ್ಕೆ ಅರ್ಹರೇ ಎಂದು ಕೇಳಿ ತಿಳಿಯಿರಿ. ನಾಲ್ಕೂವರೆ ಲಕ್ಷದ ಯೋಜನೆಯ ಜತೆಗೆ, 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯೂ ಇದೆ. ಅದರಂತೆ ಗೊತ್ತುಪಡಿಸಿದ ಉನ್ನತ ಶ್ರೇಣಿಯ ಸಂಸ್ಥೆಗಳಲ್ಲಿ ಓದುವವರಿಗೆ ಅಡವು ಜಾಮೀನುಗಳಿಲ್ಲದೆ ಸಾಲವೂ, ಆದಾಯವು ಎಂಟು ಲಕ್ಷದೊಳಗಿದ್ದವರಲ್ಲಿ ಆಯ್ಕೆಯಾದವರಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಬಿಡುವಿನ ಕಾಲದಲ್ಲಿ ಬಡ್ಡಿಯಲ್ಲಿ ನೂರಕ್ಕೆ ಮೂರರ ರಿಯಾಯಿತಿಯೂ ದೊರೆಯುತ್ತವೆ.

ಮೂರನೆಯದಾಗಿ, ಸಾಧ್ಯವಿದ್ದವರು ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಬನ್ನಿರಿ. ಮೊದಲ ವರ್ಷದಲ್ಲಿ ಒಂದು ಲಕ್ಷಕ್ಕೆ ಅದು ತಿಂಗಳಿಗೆ 833 ರೂಪಾಯಿ. ಪಿಗ್ಮಿ ಕಟ್ಟಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಅಭ್ಯಾಸವು ಹೊಸದಲ್ಲ. ಹೀಗೆ ಕಟ್ಟುವವರಿಗೆ ಬಡ್ಡಿಯ ದರದಲ್ಲಿ ರಿಯಾಯಿತಿಯನ್ನು ಕೊಡುವ ಅವಕಾಶವೂ ಬ್ಯಾಂಕುಗಳಿಗೆ ಇದೆ.

ನಾಲ್ಕನೆಯದಾಗಿ, ಉದ್ಯೋಗವು ತಡವಾದರೆ ಸುಮ್ಮನಿರಬೇಡಿರಿ. ಕಂತು ತೊಂಬತ್ತು ದಿನಗಳನ್ನು ಮೀರಿ ಬಾಕಿಯುಳಿದರೆ ಬ್ಯಾಂಕು ಆ ಸಾಲವನ್ನು ಅನುತ್ಪಾದಕವೆಂದು ಗಣಿಸುತ್ತದೆ. ಮುಂದೆ ಬೇರೆ ಸಾಲ ಪಡೆಯುವುದಕ್ಕೂ ಅದು ಅಡ್ಡಿಯಾಗುತ್ತದೆ. ಅದಕ್ಕೆ ಮುಂಚೆಯೇ ಹೋಗಿ, ಬರಹದಲ್ಲಿ ಅವಧಿಯ ವಿಸ್ತರಣೆಯನ್ನು ಕೇಳಬೇಕು. ಸಾಲಕ್ಕಿಂತ ಸಾಲದ ನಾಚಿಕೆಯು ಮನೆಗಳನ್ನು ಹೆಚ್ಚು ಹಾಳುಮಾಡುತ್ತದೆ.

ಐದನೆಯದು ನನ್ನಂಥ ಉಪಾಧ್ಯಾಯರಿಗೆ. ಮಕ್ಕಳಿಗೆ ಮುಂದೆ ಓದೆಂದು ಹೇಳುವವರು ಆ ಓದಿನ ವೆಚ್ಚವನ್ನೂ ಸಹಾಯದ ದಾರಿಗಳನ್ನೂ ತಿಳಿದಿರತಕ್ಕದ್ದು. ತಿಳಿಯದೆ ಕೊಟ್ಟ ಪ್ರೋತ್ಸಾಹವೂ ಒಂದು ಬಗೆಯ ಸಾಲವೇ. ಅದರ ಕಂತನ್ನು ಇನ್ನೊಬ್ಬರು ಕಟ್ಟಬೇಕಾಗುತ್ತದೆ.

ಉತ್ತರ

ಆ ದೀಪಾವಳಿಯ ಮೂರನೆಯ ದಿನದ ಬಳಿಕ ನಾನು ತಂದೆಮಕ್ಕಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆನು. ಅಲ್ಲಿಯ ಅಧಿಕಾರಿಯು ಸಮಾಧಾನದಿಂದ ಕೇಳಿ, ಅರ್ಜಿ ಬರೆಯಿಸಿಕೊಂಡು, ಅವಧಿಯನ್ನು ಹದಿನೈದು ವರ್ಷಗಳಿಗೆ ವಿಸ್ತರಿಸಿಕೊಟ್ಟನು. ಕಂತು ಏಳು ಸಾವಿರದಿಂದ ಸುಮಾರು ಆರು ಸಾವಿರಕ್ಕೆ ಇಳಿಯಿತು. ಒಟ್ಟು ಭಾರವು ಹೆಚ್ಚಿತೆಂಬುದನ್ನು ಹುಡುಗನಿಗೆ ಮುಚ್ಚಿಡಲಿಲ್ಲ; ಸಂಬಳವು ಹೆಚ್ಚಿದಾಗಲೆಲ್ಲ ಅಸಲಿಗೆ ಸ್ವಲ್ಪ ಹೆಚ್ಚು ಕಟ್ಟೆಂದು ಹೇಳಿದೆನು. ತಂದೆಯು ಈಗ ಬ್ಯಾಂಕಿನ ಎದುರಿನಿಂದಲೇ ಹೋಗುತ್ತಾನೆ.

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿಷ್ಟು: “ನೀನು ಪಡೆದ ವಿದ್ಯೆಯಲ್ಲಿ ದಾನವೂ ಉಂಟು, ಸಾಲವೂ ಉಂಟು. ಬ್ಯಾಂಕಿನ ಸಾಲಕ್ಕೆ ಲೆಕ್ಕವಿದೆ, ಕೊನೆಯಿದೆ. ಅದನ್ನು ಕಾಸೂ ಉಳಿಯದಂತೆ ತೀರಿಸು. ನುಲಿಯ ಚಂದಯ್ಯನು ಹುಲ್ಲು ಹೊಸೆದು ಪಡೆದ ಹಣದಂತೆ ನಿನ್ನ ಕಂತಿನ ಹಣವೂ ಸತ್ಯಶುದ್ಧವಾದ ಕಾಯಕದ್ದೇ, ಅದಕ್ಕೆ ನಾಚಬೇಡ. ಮಠದಲ್ಲುಂಡ ಅನ್ನಕ್ಕೆ ಯಾರೂ ಕಂತು ಕೇಳುವುದಿಲ್ಲ. ಅದನ್ನು ನೀನಾಗಿಯೇ ನೆನೆದು, ಇನ್ನೊಬ್ಬ ಹುಡುಗನಿಗೆ ತೀರಿಸಬೇಕು. ಹಣವಿಲ್ಲದಿದ್ದರೆ ತಿಳಿವಳಿಕೆಯನ್ನು ಕೊಡು. ದಾಸೋಹಕ್ಕೆ ಅಷ್ಟೂ ಸಲ್ಲುತ್ತದೆ.”

ಅವನು ಸುಮ್ಮನೆ ತಲೆದೂಗಿ ಹೋದನು. ಕಳೆದ ಬೇಸಗೆಯಲ್ಲಿ ಊರಿಗೆ ಬಂದವನು ಎರಡು ದಿನ ಶಾಲೆಯ ಚಾವಡಿಯಲ್ಲಿ ಕುಳಿತು, ಕಾಲೇಜಿಗೆ ಸೇರಲಿರುವ ಹನ್ನೊಂದು ಮಕ್ಕಳ ಮನೆಯವರಿಗೆ ಸಾಲದ ಲೆಕ್ಕವನ್ನೂ ಅರ್ಜಿಗಳನ್ನೂ ಬಿಡಿಸಿ ಹೇಳಿದನು. ಅವರಲ್ಲಿ ಏಳು ಮಂದಿ ತಹಸೀಲ್ದಾರರ ಕಚೇರಿಯ ಆದಾಯಪತ್ರವನ್ನು ಮೊದಲೇ ಮಾಡಿಸಿಕೊಂಡರು. ನಾನು ಆ ದಿನ ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದೆನು. ಋಷಿಋಣವು ತೀರುವ ಬಗೆ ಹೀಗೆಯೇ ಇರಬೇಕು. ವಿದ್ಯೆಗೆ ಮಾಡಿದ ಸಾಲವೂ ಸಾಲವೇ ಎಂಬ ಪಾಠವನ್ನು ಶಿಷ್ಯನಿಂದ ಕಲಿತ ಈ ಉಪಾಧ್ಯಾಯನು, ವಾಚಕರು ತಮ್ಮ ತಮ್ಮ ಊರುಗಳಲ್ಲಿ ಇಂತಹ ಒಂದು ಚಾವಡಿಯನ್ನು ತೆರೆಯಲೆಂದು ಬೇಡಿಕೊಳ್ಳುತ್ತಾನೆ.